ಹುಣ್ಣಿಮೆಯ ಹುಲ್ಲು

“ಇದು ಎಲ್ಲಿಂದ ಬಂತು?”

ಡಾಕ್ಟರ್ ಅನುರಾಧಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದರು. ಯಾರನ್ನೂ ಕೇಳಿದ್ದಲ್ಲ. ಬಾಗಿಲಲ್ಲಿ ಮೇವಿನ ಬಕೆಟ್ ಹಿಡಿದು ನಿಂತ ಪಂಚಶೀಲಾ ತನ್ನನ್ನೇ ಕೇಳಿದರೇನೋ ಎಂದು ತಲೆ ಎತ್ತಿದಳು.

ಶಹಾಪುರದ ಆ ಸಣ್ಣ ಪ್ರಯೋಗಾಲಯದಲ್ಲಿ ಹನ್ನೆರಡು ಮೊಲಗಳಿದ್ದವು. ಕಾಲುವೆ ಬಯಲಿನ ಕುರಿಗಳ ಪಿತ್ತಕೋಶ ಸೇರಿ ಕೊಲ್ಲುವ ಎಲೆಹುಳ ಒಡಲೊಳಗೆ ಹೇಗೆ ಬೆಳೆಯುತ್ತದೆಂದು ನೋಡುವುದಕ್ಕೆ ಆರು ಮೊಲಗಳಿಗೆ ಅದರ ಮರಿ ಕುಡಿಸಿದ್ದರು. ಅವುಗಳ ಪಂಜರದ ಮೇಲೆ ‘ಆತಿಥೇಯ’ ಎಂಬ ಚೀಟಿ. ಉಳಿದ ಆರರ ಮೇಲೆ ‘ಶುದ್ಧ’. ಪ್ರಯೋಗ ಮುಗಿದ ಮೇಲೆ ಶುದ್ಧ ಮೊಲಗಳನ್ನು ಕೊಯ್ಯುವುದಿಲ್ಲ, ನೀನೇ ಒಯ್ಯಿ ಎಂದು ಡಾಕ್ಟರು ಪಂಚಶೀಲಾಳಿಗೆ ಮಾತು ಕೊಟ್ಟಿದ್ದರು. ದೋರನಹಳ್ಳಿಯಲ್ಲಿ ಗಂಡ ಮರಿಲಿಂಗ ಹಿತ್ತಲಿಗೆ ಜಾಲರಿಯ ಗೂಡನ್ನೂ ಕಟ್ಟಿ ಮುಗಿಸಿದ್ದ.

ಈಗ ಒಂದು ಶುದ್ಧ ಮೊಲದ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಸಿಕ್ಕಿತ್ತು.

“ಆಸೀಫ್, ಪಂಜರ ಅದಲುಬದಲು ಮಾಡೀಯೇನು?”

ಪಂಜರ ತೊಳೆಯುವ ಆಸೀಫ್ ಸುರಪುರದವನು. “ಮೇಡಮ್, ನಮ್ಮ ಮನ್ಯಾಗ ಆರು ಮಂದಿ ತಂಗೇರು ಅದಾರ. ಒಂದಿನಾನೂ ಒಬ್ಬಾಕಿ ಹೆಸರಿಂದ ಇನ್ನೊಬ್ಬಾಕಿನ ಕರದಿಲ್ಲ. ಮೊಲ ತಪ್ಪತೀನೇನ್ರಿ?”

“ಚಾಷ್ಟಿ ಸಾಕು. ಇದೊಂದನ್ನ ಕೊಯ್ದು ನೋಡ್ತೀನಿ, ಐದು ಉಳೀತಾವ. ಆದ್ರ ತಪ್ಪು ನಿನ್ನ ಹೆಸರಿಗೆ ಬರೀಬೇಕಾಗ್ತದ.”

ಆಸೀಫನ ನಗು ಆರಿತು. ಗುತ್ತಿಗೆಯ ನೌಕರಿ, ಹೆಸರು ಬರೆದರೆ ಮುಗಿಯಿತು.

ಪಂಚಶೀಲಾ ಮೆಲ್ಲಗೆ ಕೇಳಿದಳು. “ಮೇವಿನ ಕೂಡ ಹೋಗ್ತದೇನ್ರಿ ಇದು?”

“ಇದರ ಮರಿ ಶಂಖದ ಹುಳದಿಂದ ಹೊರಗ ಬಿದ್ದು ಕಾಲುವಿ ದಂಡಿ ಹಸೀ ಹುಲ್ಲಿಗೆ ಅಂಟಿ ಕುಂದರ್ತದ. ಅದಕ್ಕ ಒಣ ಮೇವು ಬಿಟ್ಟು ಏನೂ ಹಾಕಬ್ಯಾಡ ಅಂತ ಬಡಕೊಂಡಿದ್ದು.”

ಹಾಕಬೇಡ ಎಂದಿದ್ದರು, ಯಾಕೆಂದು ಯಾರೂ ಹೇಳಿರಲಿಲ್ಲ. ಅವಳ ಮನೆಯಲ್ಲಿ ಹುಣ್ಣಿಮೆಯೆಂದರೆ ಬಿಳಿ ಸೀರೆ, ನಸುಕಿನ ಬುದ್ಧವಂದನೆ, ಆಮೇಲೆ ದಾನ. ಅಜ್ಜಿ ಐದು ಶೀಲಗಳನ್ನು ರಾಗವಾಗಿ ಹೇಳುವಾಗ ಅರ್ಥ ತಿಳಿಯುವ ಮೊದಲೇ ಕೇಳಿ ಕೇಳಿ ಬೆಳೆದವಳು. ಹೆಸರನ್ನೂ ಅದರಿಂದಲೇ ಪಡೆದವಳು. ಹುಣ್ಣಿಮೆಯಂದು ಕೈಯಾರೆ ಒಂದು ಜೀವಕ್ಕಾದರೂ ಉಣಿಸದೆ ತಾನು ಉಣ್ಣಬಾರದೆಂಬುದು ಅಜ್ಜಿಯ ಮಾತು. ನಾಲ್ಕು ಹುಣ್ಣಿಮೆಯಿಂದ ಅವಳು ಕಾಲುವೆ ದಂಡೆಯ ಎಳೇ ಹುಲ್ಲನ್ನು ಸೆರಗಿನಲ್ಲಿ ತಂದು ಹನ್ನೆರಡೂ ಮೊಲಗಳಿಗೆ ಸಮನಾಗಿ ಹಂಚಿದ್ದಳು.

ಸುಮ್ಮನಿದ್ದರೆ ಐದು ಜೀವ ಹಿತ್ತಲಿಗೆ ಬರುತ್ತವೆ, ಆಸೀಫ್ ಬೀದಿಗೆ ಬೀಳುತ್ತಾನೆ. ಹೇಳಿದರೆ ಅವನು ಉಳಿಯುತ್ತಾನೆ, ಆ ಐದನ್ನೂ ಕೊಯ್ಯುತ್ತಾರೆ. ಜೀವ ತೆಗೆಯೆನು ಎಂಬುದು ಮೊದಲ ಶೀಲ, ಸುಳ್ಳಾಡೆನು ಎಂಬುದು ನಾಲ್ಕನೆಯದು. ಒಂದೇ ಉಸಿರಿನಲ್ಲಿ ಹೇಳುತ್ತ ಬಂದ ಆ ಎರಡೂ ಈಗ ಒಂದರ ಕುತ್ತಿಗೆಗೆ ಇನ್ನೊಂದು ಕೈ ಹಾಕಿದ್ದವು.

“ಆಸೀಫನ ತಪ್ಪಲ್ರಿ. ನಾನ ಹುಲ್ಲು ತಿನ್ನಿಸೀನಿ. ಎಲ್ಲಾಕ್ಕೂ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಂದ್ರ ಶುದ್ಧ ಅನ್ನೂದು ಒಂದೂ ಇಲ್ಲ. ಇಷ್ಟು ತಿಂಗಳಿನ ಕೆಲಸ ಮಣ್ಣಾತು. ಹನ್ನೆರಡೂ ಕೊಯ್ದು ನೋಡಬೇಕು, ಇವತ್ತ.”

“ಯಕ್ಕಾ,” ಆಸೀಫ್ ನೆಲ ನೋಡುತ್ತ ಅಂದ, “ನನ್ನ ಸಲುವಾಗಿ ಬಾಯಿ ಬಿಡಬಾರದಿತ್ತು.”

ಪಂಜರದೊಳಗೆ ಕಿವಿ ಹರಿದ ಮೊಲವೊಂದು ಬಕೆಟ್ಟಿನ ಸಪ್ಪಳಕ್ಕೆ ಎದ್ದು ಜಾಲರಿಗೆ ಮೂಗು ಒತ್ತಿತು. ಅವಳ ಕೈ ಕಂಡರೆ ಅವಕ್ಕೆ ಊಟ, ಬೇರೆ ಏನೂ ಅಲ್ಲ.

ಡಾಕ್ಟರು ಕೈಗವಸು ಹಾಕಿಕೊಂಡರು. ದನಿ ತಗ್ಗಿತ್ತು. “ಪಂಚಶೀಲಾ, ನೀ ಹಿಡಿ. ಆಸೀಫ್ ಹಿಡಿದ್ರ ಒದರ್ತಾವ, ಒದ್ದಾಡ್ತಾವ. ನಿನ್ನ ಕೈಯಾಗ ಹೆದರೂದಿಲ್ಲ, ಸೂಜಿ ಚುಚ್ಚಿದ್ದೂ ಗೊತ್ತಾಗೂದಿಲ್ಲ. ಅವಕ್ಕ ಇದೊಂದು ಮಾಡು.”

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಹೆದರಿದ ಮೊಲದ ಕೂಗನ್ನು ಅವಳು ಒಮ್ಮೆ ಕೇಳಿದ್ದಳು, ಥೇಟ್ ಹಸುಗೂಸಿನದು. ಅಜ್ಜಿಯ ಪದ ಬಾಯಿಗೆ ಬಂದೀತೆಂದು ಕಾದಳು. ಬರಲಿಲ್ಲ. ಬಕೆಟ್ ಕೆಳಗಿಟ್ಟು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಇಲ್ರಿ,” ಎಂದಳು. “ನಾ ಹಿಡಿಯೂದಿಲ್ಲ.”