ಆರನೆಯ ಹಾಸಿಗೆ

ಆಸ್ಟ್ರೇಲಿಯಾದ ವೊಲಾಂಗಾಂಗ್‌ನ ಮನೆಯಲ್ಲಿ ಅಡುಗೆ ಮೇಜಿನ ತುಂಬ ಕರಾವಳಿಯ ನಕ್ಷೆ ಹರಡಿಕೊಂಡು ಗ್ಲೆನಿಸ್ ಕೂತಿದ್ದಳು. ಪೋರ್ಟ್ ಮ್ಯಾಕ್ವಾರಿ, ಹರ್ವಿ ಬೇ, ಕೊನೆಗೆ ಏರ್ಲಿ ಬೀಚ್. ಒಂದೊಂದು ಊರಲ್ಲೂ, ವರ್ಷಕ್ಕಿಷ್ಟೆಂದು ಹಣ ಕಟ್ಟಿದವರಿಗೆ ತಂಗಲು ಪಾಯಿಂಟ್ ಕೊಡುವ ಅವಳ ಟೈಮ್‌ಶೇರ್ ಕ್ಲಬ್ಬಿನ ರೆಸಾರ್ಟಿನ ಮನೆಯಲ್ಲಿ ಒಂದು ವಾರ. ಹಿಂದಿನ ವರ್ಷಗಳಲ್ಲಿ ಎಲ್ಲಿಗೂ ಹೋಗದೆ ಪಾಯಿಂಟ್ ಉಳಿಸಿ, ಫೋನಿಗೆ ಅಂಟಿಕೊಂಡು ಕೂತು ಗಿಟ್ಟಿಸಿದ ವಾರಗಳು. ಅಷ್ಟೂ ಅವಳ ತಾಯಿ ಊನಾಳಿಗಾಗಿ. ಏರ್ಲಿಯ ಆಚೆಗಿನ ಬೋವನ್ ಊನಾ ಹುಟ್ಟಿದ ಊರು. ಮದುವೆಯಾಗಿ ದಕ್ಷಿಣಕ್ಕೆ ಬಂದವಳು ಮತ್ತೆ ಅತ್ತ ತಲೆ ಹಾಕಿರಲಿಲ್ಲ.

ಮಗ ರೀಸ್ ಬಿಸ್ಕತ್ತು ಚಹಾದಲ್ಲಿ ಅದ್ದುತ್ತ ಹೇಳಿದ: "ಅಮ್ಮ, ಕರ್ಸ್ಟಿಯ ತಮ್ಮ ಡೇನ್ ಕೂಡ ಬರ್ತಾನೆ. ಅವನ ಹತ್ರ ದೋಣಿ ಇದೆ, ಎಳ್ಕೊಂಡು ಬರ್ತಾನೆ."

"ಎಲ್ಲಿ ಮಲಗ್ತಾನೋ? ಮನೆಗೆ ಆರೇ ಜನ ಅಂತ ಕ್ಲಬ್ಬಿನವರ ನಿಯಮ. ನಾನು, ನಿಮ್ಮಪ್ಪ, ನೀನು, ಕರ್ಸ್ಟಿ, ನಿಮ್ಮ ಮಗಳು ಟಿಲ್ಲಿ, ಅಜ್ಜಿ. ಆರಾಯ್ತಲ್ಲ?"

ರೀಸ್ ಅಪ್ಪನ ಮುಖ ನೋಡಿದ. ಮರ್ವ್ ನಕ್ಷೆಯತ್ತ ಕಣ್ಣು ಹೊರಳಿಸಿದ.

"ಅಜ್ಜಿಗೆ ಅಷ್ಟು ದೂರ ಕಾರಲ್ಲಿ ಆಗಲ್ಲಮ್ಮ. ನಾವು ಬರೋವರೆಗೆ ವೃದ್ಧಾಶ್ರಮದಲ್ಲಿ ಇರಲಿ. ನಾನು ಮಾತಾಡಿದೀನಿ, ರೂಮಿದೆಯಂತೆ."

ಗ್ಲೆನಿಸ್‌ಳ ಮೈ ಉರಿದುಹೋಯಿತು. "ಮಾತಾಡಿದೀಯಾ? ಯಾರ ಅಮ್ಮನ ವಿಷಯಾನ ಯಾರು ಮಾತಾಡೋದು? ಮರ್ವ್, ನಿನಗೆ ಗೊತ್ತಿತ್ತಾ?"

"ಹುಡುಗ ಹೇಳಿದ್ದು ಸರಿ ಅನ್ನಿಸ್ತು ಕಣೆ. ದೋಣಿ ಇದ್ರೆ ಮೀನಿಗೂ..."

"ಮೀನು!" ಎಂದು ಎದ್ದವಳೇ ಅವರೆದುರಿಗೇ ಕ್ಲಬ್ಬಿಗೆ ಫೋನು ಮಾಡಿದಳು. ಸದಸ್ಯತ್ವ ಅವಳ ಹೆಸರಿನಲ್ಲಿತ್ತು. ದೊಡ್ಡ ಮನೆಗಳನ್ನೆಲ್ಲ ಬಿಟ್ಟುಕೊಟ್ಟು, ಎಲ್ಲ ಊರಲ್ಲೂ ಇಬ್ಬರಿಗೆ ಸಾಕಾಗುವ ಒಂದು ಕೋಣೆ ಕೇಳಿದಳು.

"ಹಾಗಾದ್ರೆ ನಾನು?" ಎಂದ ಮರ್ವ್.

"ನೀನು ತಲೆ ಆಡಿಸಿದ್ಯಲ್ಲ, ಅವನ ಜೊತೆಗೇ ಇರು."

ತಾಯಿಯೊಬ್ಬಳನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೊರಟ ಅವಳ ಸಿಟ್ಟು ದಾರಿಯುದ್ದಕ್ಕೂ ಇಳಿಯಲಿಲ್ಲ. ಲಾರಿಗಳಿಗೆ ಬೈದಳು, ಪೆಟ್ರೋಲ್ ಬಂಕಿನ ತಣ್ಣನೆಯ ಮಾಂಸದ ಪೈಗೆ ಬೈದಳು. ಊನಾ ಕಿಟಕಿಯಾಚೆ ನೋಡುತ್ತಿದ್ದಳು. ಹರ್ವಿ ಬೇಯಲ್ಲಿ ಮಗಳತ್ತ ತಿರುಗಿದಳು.

"ಟಿಲ್ಲಿಗೆ ನಾನು ಈಜು ಕಲಿಸ್ತೀನಿ ಅಂದಿದ್ದೆ. ಆ ಕೂಸೇನು ಮಾಡಿತ್ತು ನಿನಗೆ?"

"ನಿನ್ನನ್ನ ಆಶ್ರಮಕ್ಕೆ ಹಾಕೋಕೆ ಹೊರಟಿದ್ರು, ಅಮ್ಮ!"

"ಹಾಕಿದ್ರೆ ನಾನು ಹೋಗ್ತಿದ್ನಾ? ನನಗೆ ಬಾಯಿಲ್ವಾ? ನೀನೂ ನನ್ನನ್ನ ಕೇಳಲಿಲ್ಲ. ಫೋನು ಕೊಡು."

ಗ್ಲೆನಿಸ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟೆಲ್ಲ ಯಾರಿಗಾಗಿ ಮಾಡಿದ್ದು ಎಂದು ಕೂಗಬೇಕೆನಿಸಿತು, ಕೂಗಿಯೇಬಿಟ್ಟಳು. ಊನಾ ಕೇಳಿಸಿಕೊಳ್ಳದವಳಂತೆ ಮೊಮ್ಮಗನಿಗೆ ಫೋನು ಹಚ್ಚಿ, "ಏ ಗೂಬೆ, ಮಗೂನ ಕರ್ಕೊಂಡು ವಿಮಾನ ಹತ್ತು. ನಿನ್ನ ಲೆಕ್ಕಾಚಾರ ನನ್ನ ಮುಂದೆ ಬಂದು ಹೇಳು," ಎಂದಳು.

ರೀಸ್ ಟಿಲ್ಲಿಯನ್ನು ಕರೆದುಕೊಂಡು ಏರ್ಲಿಗೆ ಬಂದ. ಅಲ್ಲಿನ ಒಂದೇ ಕೋಣೆಯಲ್ಲಿ ಅವನಿಗೆ ಜಾಗವಿರಲಿಲ್ಲ, ಊರಿನಂಚಿನ ಕ್ಯಾರವಾನ್ ಪಾರ್ಕಿನಲ್ಲಿ ಒಂದು ಗಾಲಿಮನೆ ಬಾಡಿಗೆಗೆ ಹಿಡಿದ. ಟಿಲ್ಲಿ ಮಾತ್ರ ಅಜ್ಜಿ, ಮುತ್ತಜ್ಜಿಯರ ನಡುವೆ ಮಲಗಿದಳು. ಮರುದಿನ ಬೋವನ್‌ನ ಕೊಲ್ಲಿಯಲ್ಲಿ ಊನಾ ಸೊಂಟದವರೆಗೆ ನೀರಿಗಿಳಿದು, ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಹಿಡಿದಳು. "ಕಾಲು ಬಡಿ, ಜೋರಾಗಿ!"

ದಡದಲ್ಲಿ ರೀಸ್ ತಗ್ಗಿದ ದನಿಯಲ್ಲಿ, "ತಪ್ಪಾಯ್ತಮ್ಮ," ಎಂದ.

ಗ್ಲೆನಿಸ್ ಅವನತ್ತ ತಿರುಗಲಿಲ್ಲ. "ನನಗಲ್ಲ, ಅಜ್ಜಿಗೆ ಹೇಳು. ಪ್ಯಾಂಟು ಒದ್ದೆಯಾದ್ರೆ ಆಗಲಿ, ಹೋಗು," ಎಂದಳು.