ಮರಿಲಿಂಗಮ್ಮನ ಪಾಳಿ

"ಅವ್ವಗ ನೀರು ಕೊಡ್ರಿ, ಅಯ್ಯಾರ," ಎಂದು ಹುಲಗಪ್ಪ ಬೆನ್ನ ಹಿಂದಿನಿಂದ ಹೇಳಿದಾಗ ಶಾಂತಪ್ಪ ಗೇಟಿನ ಹಿಡಿಕೆಗೆ ಎರಡೂ ಕೈ ಕೊಟ್ಟು ಬಾಗಿದ್ದ. ಶುಕ್ರವಾರದ ಸಂಜೆ. ಕಾಲುವೆಯ ಏರಿಯ ಮೇಲೆ ಮೇಲ್ಭಾಗದ ನೆಲ್ಲಿನ ಹೊಲದವರು ಗುಂಪುಗೂಡಿದ್ದರು. ಗೇಟು ಇನ್ನೊಂದು ಸುತ್ತು ಏರಲಿ ಎಂದು ಕೆಲವರು, ಏರಿಸಿದರೆ ನೋಡು ಎಂದು ಕೆಲವರು ಬಾಯಿ ಮಾಡುತ್ತಿದ್ದರು. ದೊಡ್ಡ ಹೊಲದ ಭಾಗಣ್ಣನಂತೂ ಶಾಂತಪ್ಪನ ಅಪ್ಪ ಅಜ್ಜಂದಿರನ್ನೂ ಬಿಡದೆ ವಿಚಾರಿಸಿಕೊಳ್ಳುತ್ತಿದ್ದ. ಈ ಗದ್ದಲದ ನಡುವೆ ಹುಲಗಪ್ಪನ ಮಾತು ಬಹಳ ಸಣ್ಣ ದನಿಯಲ್ಲಿ ಬಂತು.

ಶಾಂತಪ್ಪ ತಿರುಗಿ ನೋಡಲಿಲ್ಲ. "ನಿಮ್ಮವ್ವನ ಪಾಳಿ ಸ್ವಾಮವಾರ ಅದ," ಎಂದ. "ಮುಂದಿನವ್ರದು ಮುಗೀಬೇಕಲ್ಲ."

"ಅಲ್ಲೀತನ ತಡಿಯಂಗಿಲ್ಲ ಅನ್ನಸ್ತದ್ರಿ."

"ಎಲ್ಲಾರೂ ಅದನ್ನೇ ಅಂತಾರ, ಹುಲಗಪ್ಪ. ಪಾಳಿ ಬಿಟ್ಟು ಕೊಟ್ರ ನಾಳಿ ನನ್ನ ಯಾರೂ ಬಿಡಂಗಿಲ್ಲ. ಸ್ವಾಮವಾರ ಕೊಡ್ತೀನಿ, ಖಾತ್ರಿ."

ಹುಲಗಪ್ಪ ಏನೋ ಹೇಳಲು ಹೋದವನು ಏರಿಯ ಮೇಲಿದ್ದವರ ಮುಖ ನೋಡಿ ಸುಮ್ಮನಾಗಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅವನು ಹೋದ ಮೇಲೆ ಶಾಂತಪ್ಪನಿಗೆ ನಗು ಬಂತು. ಕಾಲುವೆಯ ಮೇಲೆ ಎಲ್ಲರೂ ಅವನನ್ನು ಕರೆಯುವುದು ಗೇಟ್ ಶಾಂತಪ್ಪ ಎಂದು. ಅಯ್ಯಾರ ಎನ್ನುವವರು ಕೇರಿಯ ಪ್ರಾರ್ಥನಾ ಮಂದಿರಕ್ಕೆ ಬರುವವರು ಮಾತ್ರ. ಆ ಮಂದಿರದ ಕಡೆ ತಲೆ ಹಾಕಿಯೂ ಮಲಗದ ಹುಲಗಪ್ಪ ಇವತ್ತು ಅಯ್ಯಾರ ಅಂದನಲ್ಲ! ನೀರಿನ ಆಸೆ ಮನುಷ್ಯನ ಬಾಯಲ್ಲಿ ಏನೇನು ಅನ್ನಿಸುತ್ತದೆ ಎಂದುಕೊಂಡ.

ಕೆಂಭಾವಿಯಿಂದ ಆಚೆ, ಕಾಲುವೆ ಮುಗಿಯುವ ಕಡೆಯ ಆ ಹಳ್ಳಿಗೆ ಶಾಂತಪ್ಪ ಬಂದದ್ದು ಪಾಸ್ಟರನಾಗಿಯೇ. ಶಹಾಪುರದ ಹಿರಿಯ ಪಾಸ್ಟರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿದ್ದರು. ಸಭೆಯೆಂದರೆ ಕೂಲಿ ಮಾಡುವ ಕೆಲವು ಮನೆಗಳು. ಅವರು ಜೋಳ ಕೊಟ್ಟರು, ತೊಗರಿ ಕೊಟ್ಟರು, ಕರೆದು ಉಣ್ಣಲಿಕ್ಕೆ ಇಟ್ಟರು. ಅದರಲ್ಲಿ ಹೊಟ್ಟೆ ತುಂಬುತ್ತಿತ್ತು, ಮಗಳ ಕಾಲೇಜು ನಡೆಯುತ್ತಿರಲಿಲ್ಲ. ಕಾಲುವೆಯ ಗೇಟು ನೋಡಿಕೊಳ್ಳುವ ದಿನಗೂಲಿ ಕೆಲಸ ಸಿಕ್ಕಾಗ, ಇದು ದೇವರೇ ಕೊಟ್ಟದ್ದೆಂದು ಸಭೆಯ ಮುಂದೆ ಸಾಕ್ಷಿ ಹೇಳಿ ಸೇರಿಕೊಂಡ. ದೇವರು ಕೊಟ್ಟದ್ದೇ ಇರಬಹುದು. ಆದರೆ ಅಂದಿನಿಂದ ದೇವರಿಗೆ ಉಳಿದದ್ದು ಗೇಟು ಬಿಟ್ಟು ಮಿಕ್ಕ ಹೊತ್ತು. ಭಾನುವಾರ ಸಭೆಗೆ ಹೇಳುವ ಪ್ರಸಂಗ ಗೇಟಿನ ಪಕ್ಕದ ಶೆಡ್ಡಿನಲ್ಲಿ ತಯಾರಾಗತೊಡಗಿತು, ಬೈಬಲಿನ ಅಂಚಿಗೆ ಗ್ರೀಸು ಹತ್ತಿತು. ಕಾಯಿಲೆಯವರ ಮನೆಗೆ ಹೋಗಿ ಕೂತು ಪ್ರಾರ್ಥನೆ ಮಾಡುವುದು ಕಾಲುವೆ ಬಂದ್ ಇರುವ ದಿನಗಳಿಗೆ ಸರಿದು ನಿಂತಿತು. ಕಾಯಿಲೆಗಳೇನು ಕಾಲುವೆಯ ಚಾಲು, ಬಂದ್ ನೋಡಿಕೊಂಡು ಬರುತ್ತವೆಯೇ? ಇದು ಶಾಂತಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಅವನಿಗೆ ಹಿಂಸೆಯಾಗಿತ್ತು.

ಹುಲಗಪ್ಪನ ತಾಯಿ ಮರಿಲಿಂಗಮ್ಮ ಅವನ ಸಭೆಯವಳು ಹೌದು, ಅಲ್ಲ ಎರಡೂ. ಭಾನುವಾರ ತಪ್ಪಿಸಿದವಳಲ್ಲ. ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತು, ಹಾಡನ್ನು ಎಲ್ಲರಿಗಿಂತ ಒಂದು ಸಾಲು ಹಿಂದೆ ಹಾಡುವಳು. ಆದರೆ ಅವಳು ಇನ್ನೂ ನೀರು ತಗೊಂಡಿರಲಿಲ್ಲ. ದೀಕ್ಷಾಸ್ನಾನ ಎಂಬ ಪುಸ್ತಕದ ಮಾತು ಆ ಕೇರಿಯಲ್ಲಿ ಯಾರ ಬಾಯಲ್ಲೂ ಹೊರಳುವುದಿಲ್ಲ, ನೀರು ತಗೊಂಡರು ಎಂದರೆ ಮುಗಿಯಿತು. ಶಾಂತಪ್ಪನೂ ಹಾಗೆಯೇ ಅನ್ನುವುದು. ತಾಯಿ ನೀರು ತಗೊಳ್ಳಲು ಹುಲಗಪ್ಪ ಒಪ್ಪುತ್ತಿರಲಿಲ್ಲ. ತಿಂಥಣಿ ಮೌನೇಶ್ವರನಿಗೆ ನಡೆದುಕೊಳ್ಳುವ ಮನೆತನ, ಮೇಲಾಗಿ ಮಕ್ಕಳ ಜಾತಿ ಸರ್ಟಿಫಿಕೇಟಿಗೆ ಕುತ್ತು ಬಂದೀತೆಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ಮಗ ಹ್ಞೂಂ ಅಂದ ದಿನ ತಗೊಳ್ಳುತ್ತೇನೆ ಎಂದು ಮುದುಕಿ ಕಾದಿದ್ದಳು. ಕಾಲುವೆಯ ಮೇಲಿನವರಿಗೆ ಇದ್ಯಾವುದೂ ಬೇಕಿರಲಿಲ್ಲ. ಸರಕಾರ ಕೊಟ್ಟ ಕಟ್ಟಕಡೆಯ ಹೊಲ ಅವಳ ಹೆಸರಿನಲ್ಲಿತ್ತು, ಆದ್ದರಿಂದ ಮರಿಲಿಂಗಮ್ಮನ ನೀರು ಎಂದರೆ ಅಲ್ಲಿ ಆ ಹೊಲದ ನೀರು.

ಮುದುಕಿ ಹಾಸಿಗೆ ಹಿಡಿದಿದ್ದಾಳೆಂದು ಶಾಂತಪ್ಪನಿಗೆ ಸುದ್ದಿ ಮುಟ್ಟಿತ್ತು. ಶನಿವಾರ ಅವನ ಹೆಂಡತಿ ದೇವಕ್ಕ ನೋಡಿಕೊಂಡು ಬಂದು, ಗಂಜಿಯೂ ಇಳಿಯುತ್ತಿಲ್ಲ, ಒಂದು ಗಳಿಗೆ ಹೋಗಿ ಬನ್ನಿ ಎಂದಳು. ಸೋಮವಾರ ಆ ಕಡೆಗೇ ನೀರು ಬಿಡುವುದಿದೆ, ಹಾಗೇ ಹೋಗಿಬರುತ್ತೇನೆ ಎಂದ. ಹುಲಗಪ್ಪ ಗೇಟಿಗೆ ಬಂದು ಕೇಳಿದ್ದನ್ನು ಹೇಳಲಿಲ್ಲ. ಕಾಲುವೆಯ ಮಾತು ಹೊಸಲು ದಾಟಿ ಒಳಗೆ ಬರಕೂಡದೆಂದು ದೇವಕ್ಕನೇ ಕಟ್ಟು ಹಾಕಿದ್ದಳು. ಅವನು ಅದೊಂದು ದಿನ ಆ ಕಟ್ಟು ಮುರಿದಿದ್ದರೆ, ಕೇಳಿದ ಕೂಡಲೇ ಅವಳಿಗೆ ತಿಳಿಯುತ್ತಿತ್ತು.

ಭಾನುವಾರ ಪ್ರಾರ್ಥನೆಯ ನಡುವೆ ಕಿಸೆಯೊಳಗಿನ ಫೋನು ಗುರುಗುಟ್ಟಿತು. ಕಾಲುವೆಯ ಸಾಹೇಬರು. ಶಾಂತಪ್ಪ ಕಣ್ಣು ಮುಚ್ಚಿಕೊಂಡೇ ಅವಸರ ಮಾಡಿದ. ಕಾಯಿಲೆಯವರ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ, ಮರಿಲಿಂಗಮ್ಮನ ಹೆಸರೂ ಅದರಲ್ಲಿ ಬಂತು. ನಿನ್ನ ಕೈಗೆ ಒಪ್ಪಿಸಿದ್ದೇವೆ ಸ್ವಾಮಿ ಎಂದು ಆಮೆನ್ ಹೇಳಿ, ಗೇಟಿನ ಕಡೆಗೆ ಸೈಕಲ್ ತುಳಿದ. ಬಾಗಿಲ ಹತ್ತಿರದ ಗೋಡೆಯ ಪಕ್ಕ ಖಾಲಿ ಜಾಗ ಕಂಡಿತ್ತು. ದೇವರ ಮೇಲೆ ಹಾಕಿ ಕೈ ತೊಳೆದುಕೊಂಡೆನೇನೋ ಎಂದು ದಾರಿಯಲ್ಲಿ ಒಮ್ಮೆ ಅನಿಸಿತು. ಗೇಟು ಬಂದಾಗ ಮರೆತುಹೋಯಿತು.

ಸೋಮವಾರ ಮಾತ್ರ ಅವನು ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಕೊನೆಯ ಹೊಲಕ್ಕೆ ನೀರು ಮುಟ್ಟಿಸುವುದು ಆ ಕಾಲುವೆಯಲ್ಲಿ ಸಣ್ಣ ಮಾತಲ್ಲ. ನಡುವೆ ಒಡೆಯುವವರು, ಪೈಪು ಇಳಿಬಿಡುವವರು, ಕಲ್ಲು ಹಾಕಿ ತಿರುಗಿಸಿಕೊಳ್ಳುವವರು. ಬೆಳಿಗ್ಗೆಯಿಂದ ಏರಿಯ ಮೇಲೆ ನೀರಿನ ಜೊತೆಯಲ್ಲೇ ನಡೆದ. ಭಾಗಣ್ಣನ ಆಳು ಇಳಿಬಿಟ್ಟಿದ್ದ ಪೈಪನ್ನು ಕಿತ್ತು ದಂಡೆಗೆ ಎಸೆದು ಜಗಳ ಕಾದ. ಬಡ ವಿಧವೆಯ ಹೊಲ, ಕೊನೆಯವಳ ಪಾಲು ಎಂದು ಅವನೊಳಗಿನ ಪಾಸ್ಟರ ಬರುವ ಭಾನುವಾರದ ಪ್ರಸಂಗವನ್ನು ಆಗಲೇ ಹೆಣೆಯತೊಡಗಿದ್ದ. ಬಹಳ ದಿನಗಳ ಮೇಲೆ ತನ್ನ ಎರಡೂ ಕೆಲಸ ಒಂದೇ ಆದಂತೆ ಕಂಡು ಅವನಿಗೆ ಹಿಗ್ಗಾಯಿತು.

ಮಧ್ಯಾಹ್ನ ದಾಟಿ ನೀರು ಹೊಲ ಮುಟ್ಟಿದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೆಣಸಿನ ಗಿಡಗಳ ಸಾಲಿಗೆ ನೀರು ತಿರುಗಿಸುವವರಿಲ್ಲದೆ ಅದು ತನಗೆ ತೋಚಿದ ಕಡೆ ಹರಿದು ಬಂಡಿದಾರಿಗೆ ಬಿದ್ದಿತ್ತು. ಶಾಂತಪ್ಪನಿಗೆ ಮೈಯೆಲ್ಲ ಉರಿಯಿತು. ತಡೆಯುವುದಿಲ್ಲ ಎಂದು ಬಂದು ಅಂಗಲಾಚಿದವನಿಗೆ ಇವತ್ತು ಹೊಲಕ್ಕೆ ಬರಲು ಪುರುಸೊತ್ತಿಲ್ಲವೇ? ಚಪ್ಪಲಿಯ ಕೆಸರನ್ನೂ ಒರೆಸಿಕೊಳ್ಳದೆ ಕೇರಿಯ ಕಡೆ ನಡೆದ. ಹುಲಗಪ್ಪನಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡ.

ಮನೆಯ ಮುಂದೆ ಜನ ಕೂತಿದ್ದರು. ಹೆಂಗಸರು ಅಳುತ್ತಿದ್ದರು. ಶಾಂತಪ್ಪನನ್ನು ಕಂಡು ಎಲ್ಲರೂ ಸರಿದು ದಾರಿ ಬಿಟ್ಟರು. ಒಳಗೆ, ಗೋಡೆಗೆ ಒರಗಿಸಿ ಮರಿಲಿಂಗಮ್ಮನನ್ನು ಕೂಡಿಸಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಮೈಮೇಲೆ ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ಬಿಳಿ ಸೀರೆ. ನೀರು ತಗೊಳ್ಳುವ ದಿನ ಸಭೆಯ ಹೆಂಗಸರು ಉಡುವುದು ಅಂಥ ಸೀರೆಯನ್ನೇ.

ಶಾಂತಪ್ಪನ ಬಾಯಲ್ಲಿದ್ದ ಬೈಗುಳ ಅಲ್ಲೇ ಒಣಗಿತು. ಶುಕ್ರವಾರ ಬೆನ್ನ ಹಿಂದೆ ಕೇಳಿದ ಆ ಸಣ್ಣ ದನಿ, ಆ ಅಯ್ಯಾರ ಎಂಬ ಮಾತು ಈಗ ಮತ್ತೆ ಕೇಳಿಸಿದವು. ಅವ್ವಗ ನೀರು ಕೊಡ್ರಿ. ತಡಿಯಂಗಿಲ್ಲ. ಅವನು ಕೆಸರಿನ ಚಪ್ಪಲಿ ಕಳಚಿ ಹೊಸಲಿನ ಆಚೆ ಇಟ್ಟ.

ಸೊಸೆ ಲಾಲಮ್ಮ ಅಳುತ್ತಲೇ ಹೇಳಿದಳು. ಅತ್ತೆ ಬೆಳಿಗ್ಗೆಯೇ ಎಬ್ಬಿಸಿ ಕೂಡಿಸು ಅಂದಳಂತೆ. ಸೀರೆ ಉಡಿಸು, ತಲೆ ಬಾಚು ಅಂದಳಂತೆ. ಬಂದವರಿಗೆಲ್ಲ, ಇವತ್ತು ನನ್ನ ಪಾಳಿ ಅದ, ಅಯ್ಯಾರು ಬರ್ತಾರ ಎಂದು ಹೇಳಿದಳಂತೆ. ಬಿಸಿಲು ಏರಿದ ಮೇಲೆ ಮಾತು ನಿಂತಿತು. ಆಮೇಲೆ ಕುತ್ತಿಗೆ ವಾಲಿತು. ಕರೆಯಲು ಹೋದವರಿಗೆ ಅವನು ಗೇಟಿನ ಹತ್ತಿರ ಸಿಗಲಿಲ್ಲ.

ಹುಲಗಪ್ಪ ಒಂದು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಅತ್ತು ಮುಖ ಊದಿತ್ತು. ಎದ್ದು ಹತ್ತಿರ ಬಂದ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಶಾಂತಪ್ಪ ಕಾದ. ಹೊಡೆಯಲಿ ಎಂದೂ ಅನಿಸಿತು.

"ಈಗ ಕೊಡಾಕ ಬರ್ತದೇನ್ರಿ, ಅಯ್ಯಾರ?" ಎಂದು ಹುಲಗಪ್ಪ ಕೇಳಿದ.

ಶಾಂತಪ್ಪ ಬರುವುದಿಲ್ಲವೆಂದು ತಲೆಯಾಡಿಸಿದ. ಉಸಿರು ಹೋದವರಿಗೆ ಆ ನೀರು ಕೊಡುವ ಪದ್ಧತಿ ಇಲ್ಲ.

"ಹೋಗ್ಲಿ ಬಿಡ್ರಿ," ಎಂದ ಹುಲಗಪ್ಪ. "ಅವತ್ತು ನಿಮ್ಮ ಮ್ಯಾಲ ಸಿಟ್ಟು ಬಂದಿತ್ತು ನನಗ. ಸಾಯೋ ಮುದುಕಿಗಿ ಎಂಥಾ ಪಾಳಿ ಹಚ್ಯಾರ ಅಂತ ಮನ್ಯಾಗ ಬಂದು ಬೈದೆ. ಅವ್ವನೇ ನನ್ನ ಬಾಯಿ ಮುಚ್ಚಿಸಿದ್ಲು. ನಾ ಸಣ್ಣಾಕಿದ್ದಾಗ ಊರ ಬಾವಿ ಕಟ್ಟಿ ಮ್ಯಾಲ ನಮ್ಮನ್ನ ಹತ್ತಿಸ್ತಿದ್ದಿಲ್ಲ, ಕೊಡ ಇಟ್ಕೊಂಡು ಕೆಳಗ ಕುಂದರ್ತಿದ್ವಿ, ಯಾರರ ಮನಸ್ಸು ಬಂದು ಎತ್ತಿ ಹಾಕಿದ್ರ ಹಾಕಿದ್ರು, ಇಲ್ದಿದ್ರ ಇಲ್ಲ ಅಂದ್ಲು. ಅಲ್ಲಿ ನಮಗ ಪಾಳಿ ಅನ್ನೋದೇ ಇದ್ದಿಲ್ಲ, ಇಲ್ಲಿ ಅಯ್ಯಾರು ನನಗೂ ಒಂದು ಪಾಳಿ ಇಟ್ಟಾರಲ್ಲ, ಮುಂದಿನವ್ರು ತಗೊಳ್ಳಿ, ನಾ ಕುಂದರ್ತೀನಿ ಅಂದ್ಲು. ಖುಷಿಯಾಗಿದ್ಲುರಿ."

ಶಾಂತಪ್ಪನಿಗೆ ಇದಕ್ಕಿಂತ ಹೊಡೆತ ತಿನ್ನುವುದೇ ಲೇಸಾಗಿತ್ತು. ತನ್ನ ಮಾನ ಉಳಿದಿದೆ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಸಭೆಯ ನೀರಿಗೂ ಪಾಳಿ ಇರುತ್ತದೆಂದು ಇವರು ನಂಬಿದ್ದಾರೆ. ಹೌದೆಂದು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯದು, ಬರುವ ಭಾನುವಾರ ಇದೇ ಬಾಯಿಂದ ದೇವರ ವಾಕ್ಯ ಹೇಳಬಹುದು. ಆದರೆ ಅವಳು ಹುಡುಗಿಯಾಗಿದ್ದಾಗ ಬಾವಿ ಕಟ್ಟೆಯ ಮೇಲೆ ನಿಂತಿದ್ದವರಲ್ಲಿ ತಾನೂ ಒಬ್ಬನೆನಿಸಿತು.

"ಪಾಳಿ ಇದ್ದಿಲ್ಲ, ಹುಲಗಪ್ಪ," ಎಂದ. ದನಿ ಅವನಿಗೇ ಗೊತ್ತಿಲ್ಲದೆ ದೊಡ್ಡದಾಯಿತು. "ಇದಕ್ಕ ಪಾಳಿ ಅನ್ನೋದೇ ಇರಂಗಿಲ್ಲ. ನೀ ಹೊಲದ ನೀರು ಕೇಳಿದಿ ಅಂದ್ಕೊಂಡೆ ನಾನು. ಅವತ್ತೇ, ಆಗಿಂದಾಗ ಬಂದು ಕೊಡಬೇಕಿತ್ತು. ನಿಮ್ಮವ್ವಗಿಂತ ಮುಂದ ಯಾರೂ..."

ಹುಲಗಪ್ಪ ಚಟ್ಟನೆ ಅವನ ಮುಂಗೈ ಹಿಡಿದ. ಹಿಡಿತ ಬಿಗಿಯಾಗಿತ್ತು. ಅವನು ನೋಡುತ್ತಿದ್ದದ್ದು ಶಾಂತಪ್ಪನನ್ನಲ್ಲ, ಗೋಡೆಗೆ ಒರಗಿ ಕೂತಿದ್ದ ತಾಯಿಯ ಕಡೆ.

"ಮೆಲ್ಲಕ ಮಾತಾಡ್ರಿ," ಎಂದ. "ಅವ್ವಗ ಕೇಳಸ್ತದ."

ಲಾಲಮ್ಮ ಮೊಣಕಾಲೂರಿ ಕೂತು, ಅತ್ತೆಯ ತಲೆಯಿಂದ ಜಾರಿದ್ದ ಬಿಳಿ ಸೆರಗನ್ನು ಕಿವಿಯ ಮೇಲೆ ಎಳೆದು ಸರಿಮಾಡುತ್ತಿದ್ದಳು.