ಯಾರೂ ಹಿಡಿಯದ ಕತ್ತರಿ

ಮೈದುನನ ಕತ್ತರಿಯ ಒಂದು ಹನಿ ಕಡಲಿಗೆ ಬಿದ್ದರೆ ಸಾಕು, ಮೀನುಗಳ ತಲೆ ಒಂದು ದಿಕ್ಕಿಗೆ, ಬಾಲ ಇನ್ನೊಂದು ದಿಕ್ಕಿಗೆ ಈಜಿಕೊಂಡು ಹೋಗುತ್ತಿದ್ದವು. ಕತ್ತರಿ ಎಂದರೆ ಉಕ್ಕಿನದಲ್ಲ. ಜೀವಕೋಶಗಳನ್ನು ಅರೆದು, ಸೋಸಿ ಅವನು ತೆಗೆದ ಪ್ರೋಟೀನು. ಬೆರಳುದ್ದದ ಆ ಶೀಶೆ ಹಿಡಿದು ಅವನು ಬಂದರೆ ಪ್ರಯೋಗಾಲಯದ ಗಡಿಯಾರವೂ ಎದ್ದು ನಿಲ್ಲುತ್ತಿತ್ತಂತೆ.

ಪ್ರಯೋಗಾಲಯದ ಮುಖ್ಯಸ್ಥೆ ಅವನ ಅತ್ತಿಗೆಯೇ. "ಮನೆಯವನನ್ನೇ ತಂದು ಕೂರಿಸಿಕೊಂಡಿದ್ದಾಳೆ" ಎಂದು ಆಡಿಕೊಳ್ಳುವವರ ಬಾಯಿ ಮುಚ್ಚಿಸಲು ಅವಳಿಗಿದ್ದದ್ದು ಈ ಕತ್ತರಿಯೊಂದೇ. ಮರುದಿನ ನಡೆಯಲಿದ್ದ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಎಲ್ಲರ ಮುಂದಿಡುವವಳಿದ್ದಳು. ಸುಳ್ಳೆಂದಾದರೆ ಅವನ ಕೆಲಸವೂ ಹೋಯಿತು, ಅವಳ ಮಾನವೂ ಹೋಯಿತು.

ಆರ್‌ಎನ್‌ಎ ಎಂಬುದು ಒಂದು ಉದ್ದನೆಯ ಎಳೆ. ನಡುವೆ ಬೇಡದ ತುಣುಕೊಂದಿರುತ್ತದೆ. ಅದನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಬೆಸೆಯಬೇಕು. ಪ್ರೋಟೀನಲ್ಲದೆ ಬೇರಾವುದೂ ಇದನ್ನು ಮಾಡದೆಂದು ಬಲ್ಲವರೆಲ್ಲ ಹೇಳಿಟ್ಟಿದ್ದರು. ಅತ್ತಿಗೆ ಎಳೆಯನ್ನು ಶುದ್ಧ ಮಾಡಿ ಕೊಡುವಳು. ಮೈದುನ ಅದಕ್ಕೆ ಮೆಗ್ನೀಸಿಯಂ ಉಪ್ಪು, ಗ್ವಾನೊಸಿನ್ ಎಂಬ ಪುಟ್ಟ ಅಣು, ಕೊನೆಗೆ ಕತ್ತರಿಯ ಹನಿ ಬೆರೆಸುವನು. ಹೋಲಿಸಿ ನೋಡಲೆಂದು ಈ ಸಲ ಪಕ್ಕದ ಇನ್ನೊಂದು ನಳಿಕೆಗೆ ಕತ್ತರಿಯ ಹೊರತು ಮಿಕ್ಕಿದ್ದೆಲ್ಲ ಹಾಕಿದ್ದರು. ಅಲ್ಲಿ ಏನೂ ಆಗಬಾರದು.

ಕತ್ತಲೆಕೋಣೆಯ ಕೆಂಪು ದೀಪದಡಿ, ನಳಿಕೆಯೊಳಗಿನ ಎಳೆಗಳ ಗುರುತು ಮೂಡುವ ಫಿಲ್ಮು ತೊಳೆದಾಗ, ತುಂಡಾದ ತುಣುಕಿನ ಕಪ್ಪು ಗೆರೆ ಎರಡೂ ನಳಿಕೆಗಳ ಸಾಲಿನಲ್ಲಿ ಮೆಲ್ಲಗೆ ಮೇಲೆದ್ದು ಬಂತು.

"ಇದೇನೋ! ಕತ್ತರಿ ಹಾಕದೇ ಇರೋದೂ ಕತ್ತರಿಸ್ಕೊಂಡಿದೆ?"

"ಅದರ ತಾಕತ್ತು ಅಂಥದ್ದು ಅತ್ತಿಗೆ. ಪಕ್ಕದಲ್ಲೇ ಇತ್ತಲ್ಲ, ಗಾಳಿ ಸೋಕಿರುತ್ತೆ."

"ನಿನ್ನ ಬಾಯಿಗಾಳಿ ಸೋಕಿರಬೇಕು."

ಅವಳು ಕತ್ತರಿಯನ್ನು ಕುದಿಸಿದಳು. ಬೆಂದ ಪ್ರೋಟೀನು ಬೆಂದ ಮೊಟ್ಟೆಯಿದ್ದಂತೆ, ಮತ್ತೆ ಕೆಲಸಕ್ಕೆ ಬಾರದು. ಅದನ್ನು ಬೆರೆಸಿದರೂ ಎಳೆ ತುಂಡಾಯಿತು.

"ಗಟ್ಟಿ ಪಿಂಡ ಅತ್ತಿಗೆ, ನನ್ನ ಹಾಗೇ!"

ಪ್ರೋಟೀನನ್ನೇ ತಿಂದುಹಾಕುವ ದ್ರವವನ್ನು ನಳಿಕೆಗೆ ಸುರಿದಳು. ಆಗಲೂ ತುಂಡಾಯಿತು.

ಈ ಸಲ ಮೈದುನನಿಗೆ ನಗು ಬರಲಿಲ್ಲ. ನಳಿಕೆಯಲ್ಲಿ ತಿಳಿನೀರಿನಂಥದ್ದು, ಒಂದು ಗುಳ್ಳೆಯೂ ಅಲುಗದು. ಆ ನೀರೊಳಗೆ ಏನೋ ಮೈ ಮುದುಡಿಕೊಂಡು, ಕತ್ತು ಹೊರಳಿಸಿ, ತನ್ನ ನಡುವನ್ನೇ ಕಚ್ಚುತ್ತಿದೆ ಎಂದು ಅವನಿಗೆ ಅನಿಸಿತು. ಊಟಕ್ಕೆ ಹೊರಟವನು ನಳಿಕೆಗಳಿಗೆ ಬೆನ್ನು ಹಾಕಲಾರದೆ, ಹಿಮ್ಮುಖವಾಗಿಯೇ ಬಾಗಿಲು ದಾಟಿದ.

ವಾಪಸು ಬಂದಾಗ ಶೀಶೆ ಅತ್ತಿಗೆಯ ಕೈಯಲ್ಲಿತ್ತು. ಪ್ರೋಟೀನು ಸೋಕಿದರೆ ನೀಲಿಯಾಗುವ ಕಂದು ಬಣ್ಣಕ್ಕೆ ಅದರಿಂದ ಒಂದು ಹನಿ ಬಿಟ್ಟಿದ್ದಳು. ಬಣ್ಣ ಕಂದಾಗಿಯೇ ಇತ್ತು.

"ಬರೀ ನೀರಲ್ವೇನೋ ಇದು?"

"ನನ್ನ ಕತ್ತರಿಗೆ ಬಣ್ಣಾನೂ ಹೆದರುತ್ತೆ ಅ—"

"ಸಾಕು ನಿಲ್ಲಿಸು. ನಿನ್ನನ್ನ ನಂಬಿ ನಾಳೆ ಅಷ್ಟು ಜನರ ಮುಂದೆ ನಿಲ್ಲೋಳು ನಾನು."

ಅವನು ಕುಸಿದು ಕೂತ. "ಕತ್ತರಿ ಕೆಟ್ಟು ಬಹಳ ದಿನ ಆಯ್ತು ಅತ್ತಿಗೆ. ಫ್ರಿಜ್ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಕೊಳೆತು ನಾರ್ತಿತ್ತು. ಚೆಲ್ಲಿ ನೀರು ತುಂಬಿಟ್ಟೆ. ಏನೂ ಕತ್ತರಿಸದೆ ಇದ್ದಾಗ ನಾನೇ ಸಿಕ್ಕಿಬೀಳ್ತೀನಿ ಅಂದ್ಕೊಂಡಿದ್ದೆ. ಆದ್ರೆ ಎಳೆ… ತುಂಡಾಗೋದು ನಿಲ್ಲಿಸಲೇ ಇಲ್ಲ."

ಬೈಯಲು ಬಾಯಿ ತೆರೆದ ಅತ್ತಿಗೆ ಕೇಳಿದ್ದು ಬೇರೆಯೇ. "ಅಂದ್ರೆ ಎರಡು ನಳಿಕೇಲೂ ಕತ್ತರಿ ಇರಲಿಲ್ವಾ?"

"ನನ್ನಾಣೆ ಇರಲಿಲ್ಲ."

ಅವಳು ನಳಿಕೆಯನ್ನು ಬೆಳಕಿಗೆ ಹಿಡಿದಳು. ದನಿ ತಾನಾಗಿ ತಗ್ಗಿತು. "ಹಾಗಾದ್ರೆ ಎಳೇನೇ ಮಡಚಿಕೊಂಡು ಗ್ವಾನೊಸಿನ್ನನ್ನ ಹಿಡ್ಕೊಂಡಿದೆ. ಆ ಗ್ವಾನೊಸಿನ್ನು ತುಣುಕಿನ ಒಂದು ತುದೀನ ಬಿಡಿಸಿ ತಾನೇ ಅಲ್ಲಿ ಅಂಟ್ಕೊಂಡಿದೆ. ಬಿಡಿಸ್ಕೊಂಡ ಎಳೆ ತುದಿ ತುಣುಕಿನ ಇನ್ನೊಂದು ತುದಿಗೆ ಹೊಡೆದು, ತುಣುಕನ್ನ ಆಚೆ ತಳ್ಳಿ, ಆ ಕಡೆ ಎಳೆ ಜೊತೆ ಕೂಡಿಕೊಂಡಿದೆ. ಯಾರ ಕೈಯೂ ಇಲ್ಲದೆ."

ಅವಳು ತಾನೇ ಕೂತು ಮತ್ತೆ ಮಾಡಿ ನೋಡಿದಳು. ಮತ್ತೆ ಅದೇ ಕಪ್ಪು ಗೆರೆ.

"ನಾಳೆ ನೀನೇ ಹೇಳಬೇಕು ಕಣೋ. ಇದ್ದದ್ದು ಇದ್ದ ಹಾಗೆ."

ಸಭೆಯಲ್ಲಿ ಮೈದುನ ಎದ್ದು ನಿಂತ.

"ಶೀಶೆಯಲ್ಲಿ ಕತ್ತರಿ ಇರಲಿಲ್ಲ. ನಾನು ಹಾಕಿದ್ದು ನೀರು. ಅಲ್ಲಿ ನಡೆದದ್ದರಲ್ಲಿ ನನ್ನದು ಏನೂ ಇಲ್ಲ."